ಎರಡು ಹೆಸರಿನ ರಾಜ್ಯ

ಪ್ರಶ್ನೆ: ಚೀನಾದ ವುಹಾನ್ ನಗರದ ವಸ್ತುಸಂಗ್ರಹಾಲಯದಲ್ಲಿ 2,400 ವರ್ಷ ಹಳೆಯ 65 ಕಂಚಿನ ಗಂಟೆಗಳಿವೆ, ಅವನ್ನು ಮಾಡಿಸಿದವನು ‘ತ್ಸೆಂಗ್’ ಎಂಬ ಸಣ್ಣ ರಾಜ್ಯದ ಒಡೆಯ ಎಂದು ಎಲ್ಲೋ ಓದಿದೆ. ಆದರೆ ಚೀನಾದ ಪ್ರಾಚೀನ ಚರಿತ್ರೆಯ ಪುಸ್ತಕ ತೆರೆದು ನೋಡಿದರೆ ಅಲ್ಲಿ ಅಂಥ ರಾಜ್ಯವೇ ಕಾಣಲಿಲ್ಲ. ಅಷ್ಟು ಸಿರಿವಂತಿಕೆ ಇದ್ದ ರಾಜ್ಯ ಎಲ್ಲಿಂದ ಬಂತು? ಏನಾಗಿ ಹೋಯಿತು?

ಉತ್ತರ: ಆ ರಾಜ್ಯ ನಿಮ್ಮ ಪುಸ್ತಕದಲ್ಲಿ ಇದ್ದರೂ ಇರಬಹುದು. ‘ಸುಯ್’ ಎಂಬ ಹೆಸರಿದೆಯೇ ಎಂದು ಇನ್ನೊಮ್ಮೆ ನೋಡಿ. ನೆರೆಹೊರೆಯ ದೊರೆಗಳು, ಅವರ ನಂತರ ಚರಿತ್ರೆ ಬರೆದವರು ಅದನ್ನು ಸುಯ್ ಎಂದೇ ಕರೆದರು. ಅಲ್ಲಿಯ ಒಡೆಯರು ಮಾತ್ರ ತಮ್ಮನ್ನು ತ್ಸೆಂಗ್ ಎಂದು ಕರೆದುಕೊಂಡರು. ಹೊರಗಿನವರು ಕರೆದ ಹೆಸರು ಗ್ರಂಥಗಳಲ್ಲಿ ಉಳಿಯಿತು. ತಾವೇ ಇಟ್ಟುಕೊಂಡ ಹೆಸರು ಕಂಚಿನ ಮೇಲೆ ಎರಕದ ಅಕ್ಷರವಾಗಿ ಮಣ್ಣಿನಡಿ ಸೇರಿತು. ಇವೆರಡೂ ಒಂದೇ ಎಂದು ಸಾಬೀತಾಗಲು ನಮ್ಮ ಕಾಲದಲ್ಲಿ ನಾಲ್ಕು ದಶಕ ಹಿಡಿಯಿತು. ಆ ಕಥೆಯಿಂದಲೇ ಶುರು ಮಾಡುತ್ತೇನೆ, ಏಕೆಂದರೆ ಆ ರಾಜ್ಯದ ಬಗ್ಗೆ ನಮಗೆ ಗೊತ್ತಿರುವುದರಲ್ಲಿ ದೊಡ್ಡ ಪಾಲು ಗುದ್ದಲಿಯಿಂದ ಬಂದದ್ದು.

1977ರ ಸೆಪ್ಟೆಂಬರ್ ತಿಂಗಳು. ಮಧ್ಯ ಚೀನಾದ ಹುಬೈ ಪ್ರಾಂತ್ಯದಲ್ಲಿ, ಈಗ ಸುಯ್‌ಝೌ ಎನ್ನುವ ಊರಿನ ಹೊರಗೆ ಲೇಗುಡುನ್ ಎಂಬ ದಿಬ್ಬವಿದೆ. ನಗಾರಿ ಬಾರಿಸಿದ ದಿಬ್ಬ ಎಂದು ಆ ಹೆಸರಿನ ಅರ್ಥ. ಅಲ್ಲಿ ವಾಯುಪಡೆಯ ರಾಡಾರ್ ದುರಸ್ತಿ ಕಾರ್ಖಾನೆಯ ಹೊಸ ಕಟ್ಟಡ ಏಳಬೇಕಿತ್ತು. ಬಂಡೆಗೆ ಮದ್ದು ತುಂಬಿ ಸಿಡಿಸಿ ನೆಲ ಮಟ್ಟ ಮಾಡುತ್ತಿದ್ದಾಗ ಒಂದು ಕಡೆ ಕಲ್ಲು ಮುಗಿದು ಕಂದು ಬಣ್ಣದ ಸಡಿಲ ಮಣ್ಣು ಬಂತು. ಬಂಡೆಯ ನಡುವೆ ಅಂಥ ಮಣ್ಣು ತಾನಾಗಿ ಇರುವುದಿಲ್ಲ, ಯಾರೋ ತಂದು ತುಂಬಿರಬೇಕು ಎಂದು ಕಾರ್ಖಾನೆಯ ಇಬ್ಬರು ಅಧಿಕಾರಿಗಳಿಗೆ ಅನ್ನಿಸಿತು. ಅವರು ಸುಮ್ಮನಿರದೆ ಅದನ್ನು ಸಂಬಂಧಪಟ್ಟವರಿಗೆ ತಿಳಿಸಿದರು. ಮದ್ದು ಇನ್ನಷ್ಟು ಆಳಕ್ಕೆ ಇಳಿದಿದ್ದರೆ ನಿಮ್ಮ ಪ್ರಶ್ನೆಯೂ ಇರುತ್ತಿರಲಿಲ್ಲ, ನನ್ನ ಉತ್ತರವೂ ಇರುತ್ತಿರಲಿಲ್ಲ.

ಮರು ವರ್ಷ ಮೇ ತಿಂಗಳಲ್ಲಿ ಪುರಾತತ್ವಜ್ಞ ತಾನ್ ವೇಯ್‌ಸಿ ಅವರ ಮುಂದಾಳತ್ವದಲ್ಲಿ ಉತ್ಖನನ ನಡೆಯಿತು. ಬಂಡೆಯಲ್ಲಿ ಕಡಿದ ದೊಡ್ಡ ಹೊಂಡ: ಪೂರ್ವ ಪಶ್ಚಿಮ 21 ಮೀಟರ್, ಉತ್ತರ ದಕ್ಷಿಣ 16.5 ಮೀಟರ್. ಅದರೊಳಗೆ ದಪ್ಪ ದಿಮ್ಮಿಗಳನ್ನು ಜೋಡಿಸಿ ಕಟ್ಟಿದ ನಾಲ್ಕು ಕೋಣೆಗಳು, ಸುತ್ತ ಇದ್ದಿಲಿನ ಹೊದಿಕೆ, ಕೋಣೆಗಳ ತುಂಬ ನೀರು. ಯಾವುದೋ ಕಾಲದಲ್ಲಿ ಕಳ್ಳರು ಒಂದು ಕಂಡಿ ಕೊರೆದಿದ್ದರು, ಆದರೆ ಒಳಗಿನ ಸಂಪತ್ತು ಬಹುಪಾಲು ಹಾಗೇ ಇತ್ತು. ಆ ನೀರೇ ಕಾಪಾಡಿತ್ತು. ಗಾಳಿ ತಾಗದ ಕಾರಣ ಮರ, ಅರಗಿನ ಬಣ್ಣ, ಬಿದಿರಿನ ಪಟ್ಟಿಗಳು ಎಲ್ಲವೂ ಉಳಿದಿದ್ದವು. ಪಂಪಿನಿಂದ ನೀರು ಇಳಿಸುತ್ತ ಹೋದಂತೆ ಮಧ್ಯದ ಕೋಣೆಯಲ್ಲಿ ಮೊದಲು ಮರದ ತೊಲೆಗಳು ತಲೆ ಎತ್ತಿದವು. ನೀರು ಇನ್ನೂ ಇಳಿದಾಗ ಆ ತೊಲೆಗಳಿಂದ ತೂಗುತ್ತಿದ್ದ ಗಂಟೆಗಳು ಒಂದೊಂದಾಗಿ ಕಂಡವು. 2,400 ವರ್ಷ ಕತ್ತಲಲ್ಲಿ, ನೀರಲ್ಲಿ, ಬಹುತೇಕ ಗಂಟೆಗಳು ತೂಗುಹಾಕಿದ ಜಾಗದಲ್ಲೇ ತೂಗುತ್ತಿದ್ದವು. ಅಲ್ಲಿ ನಿಂತು ಅದನ್ನು ನೋಡಿದವರ ಎದೆ ಹೇಗೆ ಬಡಿದುಕೊಂಡಿರಬೇಕು ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಗಂಟೆಗಳ ಮೇಲೆ ಮಾಡಿಸಿದವನ ಹೆಸರಿತ್ತು: ತ್ಸೆಂಗ್ ಹೌ ಯಿ. ‘ಹೌ’ ಎಂದರೆ ಮಾಂಡಲಿಕ ಒಡೆಯನ ಪದವಿ, ‘ಯಿ’ ಅವನ ಹೆಸರು. ಇಲ್ಲಿಂದ ಗೊಂದಲ ಶುರುವಾಯಿತು. ಗ್ರಂಥಗಳ ಪ್ರಕಾರ ಆ ನೆಲ ಸುಯ್ ರಾಜ್ಯದ್ದು. ಆದರೆ ಅಲ್ಲಿ ಸಿಕ್ಕಿದ ಕಂಚಿನ ಪಾತ್ರೆ ಪಗಡಗಳೆಲ್ಲ ತ್ಸೆಂಗ್ ಎನ್ನುತ್ತಿದ್ದವು. ಅದೇ ಪ್ರಾಂತ್ಯದ ಜಿಂಗ್‌ಶಾನ್‌ನಲ್ಲಿ 1966ರಲ್ಲಿ ಕಾಲುವೆ ತೋಡುವಾಗ ಸಿಕ್ಕಿದ 97 ಕಂಚಿನ ವಸ್ತುಗಳಲ್ಲೂ ತ್ಸೆಂಗ್ ಹೆಸರಿತ್ತು. ಒಂದೇ ಕಾಲ, ಒಂದೇ ನೆಲ, ಒಂದೇ ರಾಜಮನೆತನ, ಹೆಸರು ಮಾತ್ರ ಎರಡು. ಎರಡೂ ಒಂದೇ ರಾಜ್ಯ ಎಂದು ಲಿ ಶುವೆಚಿನ್ ಎಂಬ ವಿದ್ವಾಂಸರು 1978ರಲ್ಲೇ ಬರೆದರು. ಎಲ್ಲರೂ ಒಪ್ಪಲಿಲ್ಲ. ವಾದ ಮೂವತ್ತು ವರ್ಷ ಮೀರಿ ನಡೆಯಿತು. ಅದು ತೀರ್ಮಾನವಾದದ್ದು ಒಬ್ಬ ಮದುಮಗಳ ದೆಸೆಯಿಂದ. ಅವಳ ವಿಷಯಕ್ಕೆ ಆಮೇಲೆ ಬರುತ್ತೇನೆ.

ಈಗ ಹುಟ್ಟಿನ ಕಥೆ. ಕ್ರಿ.ಪೂ. 1046ರ ಸುಮಾರಿಗೆ ಝೌ ಮನೆತನದವರು ಪಶ್ಚಿಮದಿಂದ ಬಂದು ಶಾಂಗ್ ದೊರೆಗಳನ್ನು ಸೋಲಿಸಿದರು. ಗೆದ್ದ ನೆಲ ವಿಸ್ತಾರವಾಗಿತ್ತು, ಆಳುವ ಕೈಗಳು ಕಡಿಮೆ. ಹಾಗಾಗಿ ದೊರೆ ತನ್ನ ದಾಯಾದಿಗಳನ್ನು, ಯುದ್ಧದಲ್ಲಿ ನೆರವಾದವರನ್ನು ದೂರದೂರದ ಆಯಕಟ್ಟಿನ ಜಾಗಗಳಿಗೆ ಕಳಿಸಿ ಅಲ್ಲಲ್ಲೇ ನೆಲೆಯೂರಿಸಿದ. ಈ ಏರ್ಪಾಡಿಗೆ ಚೀನೀ ಭಾಷೆಯಲ್ಲಿ ‘ಫೆಂಗ್‌ಜಿಯಾನ್’ ಎನ್ನುತ್ತಾರೆ. ಫೆಂಗ್ ಎಂದರೆ ಮಣ್ಣು ಏರಿಸಿ ಎಲ್ಲೆ ಗುರುತು ಮಾಡುವುದು, ಜಿಯಾನ್ ಎಂದರೆ ನೆಲೆಗೊಳಿಸುವುದು. ಹೀಗೆ ಹೋದವನಿಗೆ ನೆಲ, ಜನ, ಪೂಜೆಯ ಕಂಚಿನ ಪಾತ್ರೆಗಳು ಸಿಗುತ್ತಿದ್ದವು. ಪ್ರತಿಯಾಗಿ ಅವನು ದೊರೆಗೆ ಕಪ್ಪ ಕೊಡಬೇಕು, ಕರೆದಾಗ ಸೈನ್ಯ ತರಬೇಕು, ತನ್ನ ದಿಕ್ಕಿನ ಗಡಿ ಕಾಯಬೇಕು.

ತ್ಸೆಂಗ್ ಮನೆತನದ ಮೂಲಪುರುಷ ನಾನ್‌ಗೊಂಗ್ ಕುವೊ. ಝೌ ರಾಜ್ಯವನ್ನು ಕಟ್ಟಿದ ವೆನ್ ಮತ್ತು ವೂ ದೊರೆಗಳ ಬಲಗೈಯಂತಿದ್ದವನು. ಇದು ನಮಗೆ ಗೊತ್ತಾದದ್ದು 2009ರಲ್ಲಿ, ಸುಯ್‌ಝೌ ನಗರದ ವೆನ್‌ಫೆಂಗ್‌ಟಾ ಎಂಬಲ್ಲಿ ಇನ್ನೊಬ್ಬ ತ್ಸೆಂಗ್ ಒಡೆಯನ ಗೋರಿ ತೆರೆದಾಗ ಸಿಕ್ಕಿದ ಗಂಟೆಯ ಬರಹದಿಂದ. 2011ರಲ್ಲಿ ಯೆಜಿಯಾಶಾನ್ ಎಂಬ ಗುಡ್ಡದಲ್ಲಿ ಇನ್ನೂ ಹಳೆಯ ಸ್ಮಶಾನ ಸಿಕ್ಕಿತು. ಝೌ ಆಳ್ವಿಕೆಯ ಆರಂಭದಲ್ಲೇ ತ್ಸೆಂಗ್ ಒಡೆಯರು ಅಲ್ಲಿ ಬೇರೂರಿದ್ದರು ಎಂಬುದಕ್ಕೆ ಅದು ಸಾಕ್ಷಿ. ಅಲ್ಲಿನ ಒಂದು ಗೋರಿಯಲ್ಲಿ ಪಾತ್ರೆ ಆಯುಧಗಳ ಜೊತೆಗೆ ಕರಗಿಸಿ ಎರೆದ ತಾಮ್ರದ ಗಟ್ಟಿಗಳೂ ಇದ್ದವು. ನನ್ನ ಮಟ್ಟಿಗೆ ಆ ಗಟ್ಟಿಗಳೇ ಇಡೀ ಕಥೆಯ ಕೀಲಿಕೈ.

ಏಕೆಂದರೆ ತ್ಸೆಂಗ್ ಇದ್ದ ಜಾಗ ನೋಡಿ. ಉತ್ತರಕ್ಕೆ ಟೊಂಗ್‌ಬೈ ಬೆಟ್ಟಗಳು, ದಕ್ಷಿಣಕ್ಕೆ ದಾಹೊಂಗ್ ಬೆಟ್ಟ, ನಡುವೆ ಉದ್ದನೆಯ ಓಣಿಯಂಥ ಬಯಲು. ಝೌ ದೊರೆಗಳಿದ್ದ ಉತ್ತರದ ಬಯಲಿನಿಂದ ಯಾಂಗ್‌ಟ್ಸಿ ನದಿಯ ಕಡೆಗೆ ಇಳಿಯಲು ಇದು ಹೆದ್ದಾರಿ. ಯಾಂಗ್‌ಟ್ಸಿ ದಂಡೆಯಲ್ಲಿ ತಾಮ್ರವಿತ್ತು. ಇಂದಿನ ದಾಯೆ ನಗರದ ಬಳಿಯ ಟೊಂಗ್‌ಲ್ಯುಶಾನ್ ಗಣಿ ಆ ಕಾಲದ್ದೇ. ಆ ಹೆಸರಿನ ಅರ್ಥವೇ ತಾಮ್ರದ ಹಸಿರಿನ ಬೆಟ್ಟ. ಕಂಚಿಲ್ಲದೆ ಆಗ ಆಯುಧವಿಲ್ಲ, ಪೂಜೆಯಿಲ್ಲ, ಪದವಿಯಿಲ್ಲ. ಝೌ ದೊರೆತನದ ಉಸಿರು ಹರಿಯುತ್ತಿದ್ದದ್ದು ಆ ಓಣಿಯಲ್ಲಿ, ಅದರ ಬಾಗಿಲು ಕಾಯುವ ಕೆಲಸ ತ್ಸೆಂಗ್ ಮನೆತನದ್ದು. ತ್ಸೆಂಗ್‌ನ ಒಬ್ಬ ಶ್ರೀಮಂತ ಮಾಡಿಸಿದ ಪಾತ್ರೆಯ ಮೇಲೆ ತಾಮ್ರ ಮತ್ತು ತವರ ಸಾಗುವ ದಾರಿಯನ್ನು ತೆರೆದಿಟ್ಟ ಹೆಮ್ಮೆಯ ಮಾತೂ ಇದೆ. ಅದೇ ಶ್ರೀಮಂತನ ಗೋರಿ ಸಿಕ್ಕಿದ ಸುಜಿಯಾಲೊಂಗ್‌ನಲ್ಲಿ ತಾಮ್ರ ಕರಗಿಸಿದ ಕುಲುಮೆಗಳ ಅವಶೇಷವೂ ಸಿಕ್ಕಿದೆ.

ಹೀಗೆ ಇನ್ನೊಬ್ಬರ ಕಾವಲಿಗೆಂದು ಹುಟ್ಟಿದ ರಾಜ್ಯಕ್ಕೆ ಕಷ್ಟ ಬರುವುದು ಕಾವಲಿಗಿಟ್ಟವನು ಬಡವಾದಾಗ. ಕ್ರಿ.ಪೂ. 771ರಲ್ಲಿ ಝೌ ರಾಜಧಾನಿ ಶತ್ರುಗಳ ಕೈಗೆ ಬಿತ್ತು, ದೊರೆ ಕೊಲೆಯಾದ, ಮನೆತನ ಪೂರ್ವಕ್ಕೆ ಸರಿದು ಹೆಸರಿಗಷ್ಟೇ ದೊರೆತನ ಉಳಿಸಿಕೊಂಡಿತು. ಅದೇ ಹೊತ್ತಿಗೆ ತ್ಸೆಂಗ್‌ನ ನೈಋತ್ಯದಲ್ಲಿ, ಹಾನ್ ನದಿಯ ಆಚೆ, ಚೂ ಎಂಬ ರಾಜ್ಯ ಬಲಿಯುತ್ತಿತ್ತು. ಅದು ಝೌ ಕುಲದ್ದಲ್ಲ. ಉತ್ತರದವರು ಅವರನ್ನು ಕಾಡುಜನರೆಂದು ಹೀಗಳೆಯುತ್ತಿದ್ದರು. ಹೀಗಳೆಸಿಕೊಂಡವರ ಛಲ ಅವರಲ್ಲಿತ್ತು.

ಇಲ್ಲಿಂದ ಮುಂದೆ ಗ್ರಂಥಗಳು ಮಾತಾಡುತ್ತವೆ, ಹಾಗಾಗಿ ನಾನೂ ಸುಯ್ ಎಂದೇ ಬರೆಯುತ್ತೇನೆ. ಹಾನ್ ನದಿಯ ಪೂರ್ವಕ್ಕಿದ್ದ ಸಣ್ಣ ರಾಜ್ಯಗಳಲ್ಲೆಲ್ಲ ಸುಯ್ ದೊಡ್ಡದು ಎಂದು ಚೂ ಮಂತ್ರಿಗಳೇ ಒಪ್ಪಿದ್ದರು. ಕ್ರಿ.ಪೂ. 706ರಲ್ಲಿ ಚೂ ದೊರೆ ಅದರ ಮೇಲೆ ದಂಡೆತ್ತಿ ಬಂದ. ಅವನ ಮಂತ್ರಿ ದೌ ಬೋಬಿ ಒಂದು ಉಪಾಯ ಹೇಳಿದ: ಸುಯ್‌ನಿಂದ ಬರುವ ದೂತನಿಗೆ ನಮ್ಮ ಸೈನ್ಯ ಬಡಕಲಾಗಿ ಕಾಣುವಂತೆ ಮಾಡೋಣ, ಅವರಿಗೆ ಸೊಕ್ಕು ಬರುತ್ತದೆ, ಸೊಕ್ಕಿದರೆ ಅಕ್ಕಪಕ್ಕದ ಪುಟ್ಟ ರಾಜ್ಯಗಳನ್ನು ಕಡೆಗಣಿಸುತ್ತಾರೆ, ಒಗ್ಗಟ್ಟು ಒಡೆದರೆ ಎಲ್ಲರೂ ನಮ್ಮ ಬಾಯಿಗೆ. ದೂತ ನಂಬಿದ. ಸುಯ್ ಒಡೆಯ ಚೂ ಸೈನ್ಯದ ಬೆನ್ನಟ್ಟಲು ಸಿದ್ಧನಾದ. ಆಗ ಅಡ್ಡ ನಿಂತವನು ಜಿ ಲಿಯಾಂಗ್ ಎಂಬ ಮಂತ್ರಿ. ದೇವರಿಗೆ ಕೊಬ್ಬಿದ ಬಲಿ ಕೊಟ್ಟಿದ್ದೇನೆ, ತುಂಬಿದ ಪಾತ್ರೆಯಲ್ಲಿ ಧಾನ್ಯ ಇಟ್ಟಿದ್ದೇನೆ, ನನಗೇನು ಭಯ ಎಂದ ಒಡೆಯನಿಗೆ ಅವನು ಕೊಟ್ಟ ಉತ್ತರದ ತಿರುಳು ಇಷ್ಟು: ದೇವತೆಗಳಿಗೂ ಆಸರೆ ಜನರೇ. ಜನರ ಹೊಟ್ಟೆ ತಣ್ಣಗಿಟ್ಟು ಆಮೇಲೆ ದೇವರ ಕಡೆ ತಿರುಗಿದವರೇ ಹಿಂದಿನ ಒಳ್ಳೆಯ ದೊರೆಗಳು. ಕ್ರಿ.ಪೂ. ಎಂಟನೇ ಶತಮಾನದ ಕೊನೆಯ ಸಂಗತಿ ಇದು, ಕನ್‌ಫ್ಯೂಷಿಯಸ್ ಹುಟ್ಟಲು ಇನ್ನೂ ಒಂದೂವರೆ ಶತಮಾನ ಇತ್ತು. ಒಂದು ಪುಟ್ಟ ರಾಜ್ಯದ ಮಂತ್ರಿಯ ಬಾಯಲ್ಲಿ ಇಂಥ ಮಾತು ಬಂದಿದೆ ಎಂದರೆ ಸುಯ್ ಬರೀ ತಾಮ್ರ ಸಾಗಿಸುವ ಓಣಿಯ ಕಾವಲುಗಾರನಾಗಿರಲಿಲ್ಲ ಎಂದು ನನಗೆ ಖಾತ್ರಿಯಾಗುತ್ತದೆ. ಒಡೆಯ ಆ ಸಲ ಮಾತು ಕೇಳಿದ, ಚೂ ಹಿಂದೆ ಸರಿಯಿತು. ಎರಡು ವರ್ಷದ ನಂತರ ಕೇಳಲಿಲ್ಲ, ಸೋತ.

ಈ ನಡುವೆ ಒಂದು ವಿಚಿತ್ರ ಪ್ರಸಂಗ ನಡೆಯಿತು. ಸುಯ್ ಒಡೆಯನ ಮನೆತನ ಝೌ ದೊರೆಯ ಕುಲಕ್ಕೇ ಸೇರಿದ್ದು, ಹಾಗಾಗಿ ಅವನ ಮೂಲಕ ತನ್ನ ಪದವಿ ಏರಿಸಿಕೊಳ್ಳಲು ಚೂ ಒಡೆಯ ಝೌ ಆಸ್ಥಾನಕ್ಕೆ ಕೋರಿಕೆ ಕಳಿಸಿದ. ಝೌ ದೊರೆ ಒಪ್ಪಲಿಲ್ಲ. ಸಿಟ್ಟಿಗೆದ್ದ ಚೂ ಒಡೆಯ ಕ್ರಿ.ಪೂ. 704ರಲ್ಲಿ ತಾನೇ ತನ್ನನ್ನು ‘ರಾಜ’ ಎಂದು ಸಾರಿಕೊಂಡ. ಅವನೇ ಚರಿತ್ರೆಯಲ್ಲಿ ಚೂ ದೇಶದ ವೂ ರಾಜ. ಕೆಲವು ವರ್ಷ ಕಳೆದ ಮೇಲೆ ಝೌ ದೊರೆ ಸುಯ್ ಒಡೆಯನನ್ನು ಕರೆಸಿ, ಚೂ ಒಡೆಯನನ್ನು ರಾಜನೆಂದು ಮನ್ನಿಸಿದ್ದೇಕೆ ಎಂದು ಗದರಿದ. ಸುದ್ದಿ ಮುಟ್ಟಿದ ಚೂ ರಾಜ ಸುಯ್ ತನಗೆ ಬೆನ್ನು ತಿರುಗಿಸಿತೆಂದು ಮತ್ತೆ ದಂಡೆತ್ತಿದ. ಆ ಕಡೆಯವನು ಬೈಯುತ್ತಾನೆ, ಈ ಕಡೆಯವನು ಬಡಿಯುತ್ತಾನೆ. ಇಬ್ಬರು ಬಲಾಢ್ಯರ ನಡುವೆ ಬದುಕುವುದೆಂದರೆ ಹೀಗೆ. ಕ್ರಿ.ಪೂ. 690ರ ಆ ದಂಡಯಾತ್ರೆಯ ದಾರಿಯಲ್ಲೇ ಚೂ ರಾಜ ಒಂದು ಮರದ ಕೆಳಗೆ ಪ್ರಾಣಬಿಟ್ಟ. ಅವನ ಮಂತ್ರಿಗಳು ಸಾವನ್ನು ಮುಚ್ಚಿಟ್ಟು, ಸೇತುವೆ ಕಟ್ಟಿ, ಸುಯ್ ಬಾಗಿಲಿಗೆ ಬಂದು ರಾಜನ ಹೆಸರಲ್ಲೇ ಒಪ್ಪಂದ ಮಾಡಿಕೊಂಡು, ಹಾನ್ ನದಿ ದಾಟಿದ ಮೇಲೆ ಶೋಕ ಸಾರಿದರು.

ಆ ಒಪ್ಪಂದದ ನಂತರ ಸುಯ್ ಒಮ್ಮೆ, ಕ್ರಿ.ಪೂ. 640ರಲ್ಲಿ, ಸುತ್ತಲಿನ ಸಣ್ಣವರನ್ನು ಕಟ್ಟಿಕೊಂಡು ಬಂಡಾಯವೆದ್ದಿತು. ಚೂ ಅದನ್ನು ಅಡಗಿಸಿತು. ಅಲ್ಲಿಂದಾಚೆ ಸುಯ್ ಚೂ ಜೊತೆ ಕಾದಾಡಲಿಲ್ಲ. ಅಷ್ಟರಲ್ಲಾಗಲೇ ಸುತ್ತಮುತ್ತಲ ರಾಜ್ಯಗಳನ್ನು ಚೂ ಒಂದೊಂದಾಗಿ ನುಂಗತೊಡಗಿತ್ತು: ಕ್ರಿ.ಪೂ. 680ರಲ್ಲಿ ಶಿ, 678ರಲ್ಲಿ ಡೆಂಗ್, 648ರಲ್ಲಿ ಹ್ವಾಂಗ್. ಸುಯ್ ಮಾತ್ರ ಉಳಿಯಿತು. ಇದು ಹೇಗೆ ಸಾಧ್ಯವಾಯಿತು ಎಂಬುದೇ ನಿಮ್ಮ ಪ್ರಶ್ನೆಯ ಒಳಗಿರುವ ನಿಜವಾದ ಪ್ರಶ್ನೆ ಎಂದುಕೊಳ್ಳುತ್ತೇನೆ.

ಉತ್ತರದ ಒಂದು ಭಾಗ ಮದುವೆ. ಆ ಮದುಮಗಳ ಹೆಸರು ಮಿ ಜಿಯಾ. ಚೂ ರಾಜ ತನ್ನ ಮನೆಯ ಹೆಣ್ಣುಮಗಳಿಗೆ ಬಳುವಳಿಯಾಗಿ ಮಾಡಿಸಿಕೊಟ್ಟ ಒಂದು ಕಂಚಿನ ಪಾತ್ರೆ ಮೊದಲೇ ಸಿಕ್ಕಿತ್ತು. ಅದರ ಮೇಲಿನ ಬರಹ ಅವಳನ್ನು ಸುಯ್‌ಗೆ ಕೊಟ್ಟ ಹೆಣ್ಣು ಎನ್ನುತ್ತದೆ. 2019ರಲ್ಲಿ ಸುಯ್‌ಝೌದ ಝಾವೊಶುಲಿನ್ ಸ್ಮಶಾನದಲ್ಲಿ ಅವಳ ಗೋರಿಯೇ ಸಿಕ್ಕಿತು. ಪಕ್ಕದ ಗೋರಿ ಅವಳ ಗಂಡನದು, ಅವನು ತ್ಸೆಂಗ್ ಒಡೆಯ ಬಾವೊ. ತವರಿನವರು ಸುಯ್‌ಗೆ ಕೊಟ್ಟೆವು ಎಂದು ಕೆತ್ತಿಸಿದ ಹೆಣ್ಣು ತ್ಸೆಂಗ್ ಒಡೆಯನ ಹೆಂಡತಿಯಾಗಿ ಮಲಗಿದ್ದಾಳೆ! ಇದಕ್ಕೂ ಮೊದಲು, ಸುಯ್ ರಾಜ್ಯದ ಸೇನಾಮಂತ್ರಿಯ ಹೆಸರಿದ್ದ ಆಯುಧವೊಂದು ತ್ಸೆಂಗ್ ಸ್ಮಶಾನದಲ್ಲೇ ಸಿಕ್ಕಿತ್ತು. ವಾದ ಮುಗಿಯಿತು. ರಾಜಧಾನಿಯ ಹೆಸರು ರಾಜ್ಯಕ್ಕೂ ಅಂಟಿಕೊಂಡು ಸುಯ್ ಎಂದಾಗಿರಬೇಕು ಎಂಬುದು ಹೆಚ್ಚಿನವರ ಅಭಿಪ್ರಾಯ. ವೇಯ್ ಎಂಬ ರಾಜ್ಯವನ್ನು ಅದರ ರಾಜಧಾನಿ ದಾಲಿಯಾಂಗ್‌ನಿಂದ ಲಿಯಾಂಗ್ ಎಂದು ಕರೆದ ಉದಾಹರಣೆ ಕಣ್ಣೆದುರೇ ಇದೆ.

ಮಿ ಜಿಯಾ ಬರೀ ಸಾಕ್ಷಿಯಲ್ಲ. ಅವಳ ಗೋರಿಯಲ್ಲಿ ಅವಳದೇ ಗಂಟೆಗಳಿದ್ದವು, ಅವುಗಳ ಮೇಲಿನ ಬರಹ ಅವಳದೇ ದನಿಯಲ್ಲಿದೆ. ಗಂಡ ಬೇಗ ತೀರಿಕೊಂಡ ಮೇಲೆ ನಾಡಿನ ಆಡಳಿತವನ್ನು ತಾನು ಹೊತ್ತು ನಡೆಸಿದ ಸಂಗತಿಯನ್ನು ಅವಳು ಹೇಳುತ್ತಾಳೆ. ಗ್ರಂಥಗಳಲ್ಲಿ ಅವಳ ಬಗ್ಗೆ ಒಂದು ಸಾಲೂ ಇಲ್ಲ. ಶತ್ರುವಿನ ಮನೆಯ ಮಗಳಾಗಿ ಬಂದು, ಗಂಡನ ಮನೆಯ ಪೂರ್ವಜರನ್ನು ತನ್ನವರೆಂದು ನೆನೆದು, ಆ ಮನೆಯನ್ನು ಕಾದವಳು ಅವಳು. ಸುಯ್ ಉಳಿದದ್ದರಲ್ಲಿ ಅವಳಂಥವರ ಪಾಲು ಎಷ್ಟಿತ್ತೋ ಎಂದು ಯೋಚಿಸಿದರೆ ಚರಿತ್ರೆ ಬರೆದವರ ಮೇಲೆ ನನಗೆ ಸಿಟ್ಟೇ ಬರುತ್ತದೆ.

ಉತ್ತರದ ಇನ್ನೊಂದು ಭಾಗ ಕೊಟ್ಟ ಮಾತು. ಕ್ರಿ.ಪೂ. 506ರಲ್ಲಿ ಪೂರ್ವದ ವೂ ರಾಜ್ಯದ ಸೈನ್ಯ ಚೂ ರಾಜಧಾನಿ ಯಿಂಗ್‌ಗೆ ನುಗ್ಗಿತು. ಚೂ ದೇಶದ ಝಾವೊ ರಾಜ ಜೀವ ಉಳಿಸಿಕೊಳ್ಳಲು ಓಡಿ, ಅಲ್ಲಿ ಇಲ್ಲಿ ಅಲೆದು, ಕೊನೆಗೆ ಸುಯ್‌ಗೆ ಬಂದು ಸೇರಿದ. ವೂ ಸೈನ್ಯ ಬೆನ್ನಟ್ಟಿ ಬಂದು ಸುಯ್ ಒಡೆಯನಿಗೆ ಹೇಳಿ ಕಳಿಸಿತು: ಹಾನ್ ನದಿಯ ದಂಡೆಯಲ್ಲಿದ್ದ ಝೌ ಕುಲದವರನ್ನೆಲ್ಲ ತಿಂದು ಹಾಕಿದ್ದು ಈ ಚೂ. ನೀವೂ ಆ ಕುಲದವರು, ನಾವೂ ಆ ಕುಲದವರು. ಅವನನ್ನು ಒಪ್ಪಿಸಿ, ಹಾನ್ ನದಿಯ ಉತ್ತರದ ನೆಲ ನಿಮ್ಮದಾಗುತ್ತದೆ. ಬೆದರಿಕೆಯೂ ಆಮಿಷವೂ ಒಟ್ಟಿಗೆ ಬಂದ ಹೊತ್ತು. ಚೂ ರಾಜನ ಅಣ್ಣ ಜಿಚಿ ನೋಡಲು ಅವನ ಹಾಗೆಯೇ ಇದ್ದ. ಅವನು ರಾಜನ ಉಡುಪು ತೊಟ್ಟು, ನನ್ನನ್ನು ಒಪ್ಪಿಸಿಬಿಡಿ, ತಮ್ಮ ಉಳಿಯುತ್ತಾನೆ ಎಂದ. ಸುಯ್‌ನವರು ಶಕುನ ನೋಡಿದರು, ಒಪ್ಪಿಸುವುದು ಒಳ್ಳೆಯದಲ್ಲ ಎಂದು ಬಂತು. ಆಮೇಲೆ ವೂ ಸೈನ್ಯಕ್ಕೆ ಅವರು ಕೊಟ್ಟ ಉತ್ತರದಲ್ಲಿ ಸಣ್ಣವರ ವಿವೇಕವೆಲ್ಲ ಇದೆ: ನಾವು ಸಣ್ಣವರು, ಚೂ ಪಕ್ಕದಲ್ಲಿದ್ದೇವೆ, ನಿಜ ಹೇಳಬೇಕೆಂದರೆ ಚೂ ನಮ್ಮನ್ನು ಉಳಿಸಿದೆ. ತಲೆಮಾರುಗಳಿಂದ ಆಣೆ ಇಟ್ಟಿದ್ದೇವೆ, ಅದು ಇವತ್ತಿಗೂ ಮುರಿದಿಲ್ಲ. ಕಷ್ಟ ಬಂದಾಗ ಅವರನ್ನು ಕೈಬಿಟ್ಟರೆ ನಾಳೆ ನಿಮಗಾದರೂ ನಾವು ಯಾವ ಮುಖ ಹೊತ್ತು ನಡೆದುಕೊಳ್ಳುವುದು? ವೂ ಸೈನ್ಯ ಹಿಂದೆ ಸರಿಯಿತು.

ಸುಯ್‌ನ ನೆರೆಯಲ್ಲೇ ಟಾಂಗ್ ಎಂಬ ಇನ್ನೊಂದು ಪುಟ್ಟ ರಾಜ್ಯ ಇತ್ತು. ಅದು ಆ ಯುದ್ಧದಲ್ಲಿ ವೂ ಜೊತೆ ಸೇರಿಕೊಂಡಿತ್ತು. ಮರು ವರ್ಷ ಚೂ ಚೇತರಿಸಿಕೊಂಡಾಗ ಟಾಂಗ್ ನಿರ್ನಾಮವಾಯಿತು. ಸುಯ್‌ಗೆ ಇನ್ನೂ ನೂರಕ್ಕೆ ಮೀರಿದ ವರ್ಷಗಳ ಆಯುಷ್ಯ ಸಿಕ್ಕಿತು. 2009ರಲ್ಲಿ ಸಿಕ್ಕಿದ ಗಂಟೆಯ ವಿಷಯ ಹೇಳಿದೆನಲ್ಲ, ಅದರ ಮೇಲೆ ಈ ಪ್ರಸಂಗವೂ ಇದೆ, ತ್ಸೆಂಗ್ ಕಡೆಯ ಮಾತಿನಲ್ಲಿ. ಚೂ ರಾಜನನ್ನು ಮತ್ತೆ ನೆಲೆಗೊಳಿಸಿದವನು ತಾನೇ ಎಂಬ ಅಭಿಮಾನ ಅದರಲ್ಲಿ ತುಂಬಿ ತುಳುಕುತ್ತದೆ. ಗ್ರಂಥ ಮತ್ತು ಕಂಚು ಒಂದೇ ಘಟನೆಗೆ ಸಾಕ್ಷಿ ನುಡಿಯುವುದು ಚರಿತ್ರೆಯಲ್ಲಿ ಅಪರೂಪ.

ಈಗ ಮತ್ತೆ ಯಿ ಒಡೆಯನ ಗೋರಿಗೆ ಬರೋಣ, ಅದೇ ನೀವು ಕೇಳಿದ ಸಿರಿವಂತಿಕೆ. ಒಟ್ಟು 15,000ಕ್ಕೂ ಹೆಚ್ಚು ವಸ್ತುಗಳು, ಅವುಗಳಲ್ಲಿ ಸುಮಾರು 10 ಟನ್ ಕಂಚು. ಝೌ ಚಕ್ರವರ್ತಿಗೆ ಮಾತ್ರ ಸಲ್ಲುತ್ತಿದ್ದ ಗೌರವವೆನಿಸಿದ ಒಂಬತ್ತು ಮುಕ್ಕಾಲಿ ಪಾತ್ರೆಗಳು ಈ ಮಾಂಡಲಿಕನ ಗೋರಿಯಲ್ಲಿವೆ. ಒಳಗೆ ಮದ್ಯ, ಸುತ್ತ ಮಂಜುಗಡ್ಡೆ ಇಡುವ ಜೋಡಿ ಪಾತ್ರೆಯಿದೆ. 2008ರ ಬೀಜಿಂಗ್ ಒಲಿಂಪಿಕ್ಸ್ ಉದ್ಘಾಟನೆಯಲ್ಲಿ ಸಾಲಾಗಿ ನಿಂತವರು ಬಾರಿಸಿದ ಚೌಕಾಕಾರದ ವಾದ್ಯಗಳಿಗೆ ಅದೇ ಮಾದರಿ. ಅರಗಿನ ಬಣ್ಣದ ಒಂದು ಮರದ ಪೆಟ್ಟಿಗೆಯ ಮುಚ್ಚಳದ ಮೇಲೆ ಸಪ್ತರ್ಷಿ ಮಂಡಲವನ್ನು ನಡುವೆ ಇಟ್ಟು ಸುತ್ತ 28 ಚಾಂದ್ರ ನಕ್ಷತ್ರಗಳ ಹೆಸರು ಬರೆದಿದ್ದಾರೆ. ಅಥರ್ವವೇದದಲ್ಲೂ ಕೃತ್ತಿಕೆಯಿಂದ ಆರಂಭಿಸಿ 28 ನಕ್ಷತ್ರಗಳ ಪಟ್ಟಿಯಿದೆ. ನಮ್ಮ ಪಂಚಾಂಗಗಳು ಅಭಿಜಿತ್ತನ್ನು ಬಿಟ್ಟು 27 ಎಣಿಸುತ್ತವೆ. ಎರಡು ನಾಡುಗಳ ಈ ಲೆಕ್ಕಗಳಿಗೆ ನಂಟಿದೆಯೇ ಎಂಬ ಚರ್ಚೆ ವಿದ್ವಾಂಸರಲ್ಲಿ ಬಹುಕಾಲದಿಂದ ನಡೆದಿದೆ.

ಗಂಟೆಗಳ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು. ಬಡಗಿಯ ಮೂಲೆಮಟ್ಟದ ಆಕಾರದಲ್ಲಿ ನಿಂತ ಮೂರು ಅಂತಸ್ತಿನ ತೊಲೆಗಳು, ಅವನ್ನು ತಲೆಯ ಮೇಲೆ ಹೊತ್ತ, ಸೊಂಟಕ್ಕೆ ಕತ್ತಿ ಕಟ್ಟಿದ ಆರು ಕಂಚಿನ ಆಳುಗಳು. ಗಂಟೆಗಳಲ್ಲಿ ದೊಡ್ಡದು 203.6 ಕಿಲೋ, ಚಿಕ್ಕದು 2.4 ಕಿಲೋ. ನಮ್ಮ ದೇವಸ್ಥಾನದ ಗಂಟೆ ಗುಂಡಗಿರುತ್ತದೆ, ನಾಲಿಗೆ ಒಳಗಿರುತ್ತದೆ, ನಾದ ಬಹಳ ಹೊತ್ತು ಗುಂಯ್‌ಗುಟ್ಟುತ್ತದೆ. ಇವು ಹಾಗಲ್ಲ. ಇವುಗಳ ಬಾಯಿ ಬಾದಾಮಿಯಂತೆ ಚಪ್ಪಟೆ, ನಾಲಿಗೆ ಇಲ್ಲ, ಹೊರಗಿನಿಂದ ಕೊಡತಿಯಲ್ಲಿ ಬಡಿಯಬೇಕು. ಈ ಚಪ್ಪಟೆ ಆಕಾರದಿಂದಾಗಿ ನಾದ ಬೇಗ ಅಡಗುತ್ತದೆ, ಹಾಗಾಗಿ ಒಂದು ಸ್ವರ ಇನ್ನೊಂದರ ಮೇಲೆ ಬೀಳದೆ ರಾಗ ನುಡಿಸಬಹುದು. ಇನ್ನೂ ಸೋಜಿಗವೆಂದರೆ ಒಂದೊಂದು ಗಂಟೆಗೂ ಎರಡು ಸ್ವರ. ಮುಂಭಾಗದ ನಟ್ಟನಡುವೆ ಬಡಿದರೆ ಒಂದು, ಪಕ್ಕಕ್ಕೆ ಬಡಿದರೆ ಇನ್ನೊಂದು. ಎರಡರ ನಡುವಿನ ಅಂತರ ನಮ್ಮ ಷಡ್ಜಕ್ಕೂ ಗಾಂಧಾರಕ್ಕೂ ಇರುವಷ್ಟು, ಕೆಲವದರಲ್ಲಿ ಸಾಧಾರಣ ಗಾಂಧಾರ, ಕೆಲವದರಲ್ಲಿ ಅಂತರ ಗಾಂಧಾರ. ಒಟ್ಟು ಐದು ಸ್ಥಾಯಿ, ನಡುವಿನ ಸ್ಥಾಯಿಗಳಲ್ಲಿ ಹನ್ನೆರಡೂ ಸ್ವರಸ್ಥಾನಗಳು ಸಿಗುತ್ತವೆ. ಎರಡು ಸ್ವರವೂ ಶುದ್ಧವಾಗಿ ಬರುವಂತೆ ಕಂಚಿನ ದಪ್ಪವನ್ನು ಒಳಗಿನಿಂದ ತೇಯ್ದು ತೇಯ್ದು ಶ್ರುತಿಗೆ ತಂದ ಆ ಕಂಚುಗಾರರ ಕಿವಿ ಎಂಥದ್ದಿರಬೇಕು! 1978ರ ಆಗಸ್ಟ್ 1ರಂದು ಅಲ್ಲಿಯೇ ಒಂದು ಸಭಾಂಗಣದಲ್ಲಿ ಈ ಗಂಟೆಗಳನ್ನು ತೂಗುಹಾಕಿ ಕಛೇರಿ ನಡೆಸಿದರು. ನಾದ ಹಾಗೇ ಇತ್ತು.

ಗಂಟೆಗಳ ಮೈಮೇಲೆ 2,800ಕ್ಕೂ ಹೆಚ್ಚು ಅಕ್ಷರಗಳಿವೆ. ಬಹುಪಾಲು ಸಂಗೀತಶಾಸ್ತ್ರ: ಇಲ್ಲಿ ಬಡಿದರೆ ಈ ಸ್ವರ, ನಮ್ಮಲ್ಲಿ ಇದಕ್ಕೆ ಈ ಹೆಸರು, ಚೂದಲ್ಲಿ ಇಂಥದ್ದು, ಜಿನ್ ರಾಜ್ಯದಲ್ಲಿ ಇಂಥದ್ದು, ಚಿ ರಾಜ್ಯದಲ್ಲಿ ಇಂಥದ್ದು, ಝೌ ಆಸ್ಥಾನದಲ್ಲಿ ಇಂಥದ್ದು. ದೊಡ್ಡ ರಾಜ್ಯ ತನ್ನ ಹೆಸರನ್ನು ಎಲ್ಲರ ಮೇಲೆ ಹೇರಿ ಸುಮ್ಮನಿರುತ್ತದೆ. ಎಲ್ಲರ ಹೆಸರುಗಳನ್ನೂ ಕಲಿತು ಪಕ್ಕಪಕ್ಕದಲ್ಲಿ ಬರೆದಿಟ್ಟುಕೊಳ್ಳುವ ತಾಳ್ಮೆ ಇಂಥ ನಡುವಿನ ರಾಜ್ಯಕ್ಕೇ ಬರಬೇಕು.

ಅದೇ ಗೋರಿಯಲ್ಲಿ 21 ಹೆಣ್ಣುಮಕ್ಕಳಿದ್ದರು. ಎಂಟು ಜನ ಒಡೆಯನ ಕೋಣೆಯಲ್ಲಿ, ಹದಿಮೂರು ಜನ ಪಶ್ಚಿಮದ ಕೋಣೆಯಲ್ಲಿ, ಎಲ್ಲರೂ ಹದಿಹರೆಯ ಇಲ್ಲವೇ ಇಪ್ಪತ್ತರ ಆಸುಪಾಸಿನವರು. ಒಡೆಯನ ಜೊತೆ ಹೋಗಲೆಂದು ಸಾಯಿಸಿದವರು. ಅವರಲ್ಲಿ ಹಾಡುವವರು, ನರ್ತಿಸುವವರು, ಈ ಗಂಟೆಗಳನ್ನೇ ನುಡಿಸುವವರು ಇದ್ದಿರಬಹುದು. ಒಡೆಯನ ನಾಯಿಗೂ ಒಂದು ಪೆಟ್ಟಿಗೆ ಇತ್ತು. ಪ್ರತಿ ಸ್ವರಕ್ಕೂ ಹೆಸರು ಬರೆಸಿದವನ ಗೋರಿಯಲ್ಲಿ ಈ ಇಪ್ಪತ್ತೊಂದು ಜನರ ಹೆಸರು ಎಲ್ಲೂ ಇಲ್ಲ. ಜಿ ಲಿಯಾಂಗ್ ಮಾತು ಹುಟ್ಟಿದ ನೆಲವೂ ಇದೇ. ಗಂಟೆಗಳ ಬೆರಗನ್ನು ಹೇಳಿ ಇದನ್ನು ಹೇಳದಿದ್ದರೆ ನಿಮಗೆ ಅರ್ಧ ಸತ್ಯ ಕೊಟ್ಟಂತಾಗುತ್ತದೆ.

ಯಿ ನಂತರವೂ ತ್ಸೆಂಗ್ ಒಡೆಯರ ಸಾಲು ಸ್ವಲ್ಪ ಕಾಲ ನಡೆಯಿತು. 1981ರಲ್ಲಿ ಅದೇ ದಿಬ್ಬದಲ್ಲಿ 36 ಗಂಟೆಗಳ ಇನ್ನೊಂದು ಗೋರಿ ಸಿಕ್ಕಿತು. ವೆನ್‌ಫೆಂಗ್‌ಟಾದಲ್ಲಿ ಬಿಂಗ್ ಎಂಬ ಒಡೆಯನ ಗೋರಿ ಸಿಕ್ಕಿದೆ, ಅದು ಕ್ರಿ.ಪೂ. ನಾಲ್ಕನೇ ಶತಮಾನದ್ದು. ಅಲ್ಲಿಗೆ ಸಾಲು ನಿಲ್ಲುತ್ತದೆ. ಸುಯ್ ಮೇಲೆ ಚೂ ಕೊನೆಯ ಬಾರಿ ದಂಡೆತ್ತಿದ ಸುದ್ದಿಯನ್ನಾಗಲಿ, ಕೋಟೆ ಬಿದ್ದ ಸುದ್ದಿಯನ್ನಾಗಲಿ ಯಾವ ಹಳೆಯ ಗ್ರಂಥವೂ ಬರೆದಿಟ್ಟಿಲ್ಲ. ಆ ನೆಲ ಚೂ ನೆಲವಾಯಿತು. ಕ್ರಿ.ಪೂ. 223ರಲ್ಲಿ ಚಿನ್ ರಾಜ್ಯ ಬಂದು ಚೂವನ್ನೂ ನುಂಗಿತು. ಊರಿನ ಹೆಸರಾಗಿ ಸುಯ್ ಉಳಿಯಿತು; ಸುಮಾರು ಎಂಟುನೂರು ವರ್ಷದ ನಂತರ ಆ ಸೀಮೆಯ ಬಿರುದು ಹೊತ್ತಿದ್ದ ಯಾಂಗ್ ಜಿಯಾನ್ ಎಂಬವನು ತನ್ನ ವಂಶಕ್ಕೆ ಅಕ್ಷರ ತುಸು ಬದಲಿಸಿ ಅದೇ ಹೆಸರಿಟ್ಟು, ಇಡೀ ಚೀನಾವನ್ನು ಒಂದು ಮಾಡಿದ. ನಿಮ್ಮ ಪುಸ್ತಕದಲ್ಲಿ ಸುಯ್ ವಂಶ ಎಂದು ಕಂಡರೆ ಅದು ಈ ಯಾಂಗ್ ಜಿಯಾನ್‌ನ ವಂಶ, ನಮ್ಮ ಹಳೆಯ ಸುಯ್ ರಾಜ್ಯವಲ್ಲ.

ಯುದ್ಧವಿಲ್ಲದೆ ಒಂದು ರಾಜ್ಯ ಹೇಗೆ ಮುಗಿಯುತ್ತದೆ ಎಂದು ನೀವು ಕೇಳಬಹುದು. ನನಗೆ ಅದರ ಉತ್ತರ ಆ 65 ಗಂಟೆಗಳ ನಡುವೆಯೇ ಕಾಣುತ್ತದೆ. ಅವುಗಳಲ್ಲಿ 64 ಶ್ರುತಿಯ ಸಾಲಿಗೆ ಸೇರಿದವು, ಒಂದು ಮಾತ್ರ ಬೇರೆ. ಅದರ ಮೇಲಿನ ಬರಹದಲ್ಲಿ ಸಂಗೀತವಿಲ್ಲ. ಚೂ ದೇಶದ ಹ್ವೇಯ್ ರಾಜ ತನ್ನ ಆಳ್ವಿಕೆಯ 56ನೇ ವರ್ಷದಲ್ಲಿ, ಅಂದರೆ ಕ್ರಿ.ಪೂ. 433ರಲ್ಲಿ, ತ್ಸೆಂಗ್ ಒಡೆಯ ಯಿಗಾಗಿ ಇದನ್ನು ಮಾಡಿಸಿದನೆಂದು ಮಾತ್ರ ಇದೆ. ಈ ಹ್ವೇಯ್ ರಾಜ, 73 ವರ್ಷ ಹಿಂದೆ ಸುಯ್ ಬಾಗಿಲಿಗೆ ಓಡಿ ಬಂದಿದ್ದ ಝಾವೊ ರಾಜನ ಮಗ. ಅಪ್ಪನ ಪ್ರಾಣ ಉಳಿಸಿದವರ ಮನೆಯ ಸಾವಿಗೆ ಮಗ ಕಳಿಸಿದ ಗೌರವ ಎಂದು ನಾನು ಅದನ್ನು ಓದಿಕೊಳ್ಳುತ್ತೇನೆ. ಆ ಗಂಟೆ ಸಾಲಿನ ಶ್ರುತಿಗೆ ಸೇರಿದ್ದಲ್ಲ. ಆದರೂ ಕೆಳಗಿನ ಅಂತಸ್ತಿನಲ್ಲಿ, ಎಲ್ಲಕ್ಕಿಂತ ಎದ್ದು ಕಾಣುವ ನಟ್ಟನಡುವಿನ ಜಾಗದಲ್ಲಿ ಅದನ್ನು ತೂಗುಹಾಕಿದ್ದಾರೆ. ಅದಕ್ಕೆ ಎಡೆ ಮಾಡಿಕೊಡಲು ಯಿ ಒಡೆಯ ಮಾಡಿಸಿದ ದೊಡ್ಡ ಗಂಟೆಗಳನ್ನು ಪಕ್ಕಕ್ಕೆ ಸರಿಸಿದ್ದಾರೆ.